ಕ್ಯಾಪ್ಸೂಲಿನೊಳಗಿನ ಹಸಿರು ಪುಡಿ

ಕೈ ಹಸಿರಾದರೆ ಬಾಯಿ ಕಹಿ. ಅದು ಕೆಸರು, ಇದು ಮೊಸರು ಎಂದು ತಿದ್ದಲು ಬರಬೇಡಿ. ಈ ಮನೆಯಲ್ಲಿ ಮಾವನ ಕೈ ಹಸಿರಾಯಿತು, ಮಗುವಿನ ಬಾಯಿ ಕಹಿಯಾಯಿತು. ಗಾದೆ ಕಲಬೆರಕೆ, ಕಥೆ ಮಾತ್ರ ಅಪ್ಪಟ.

ಒಂದೇ ಅಂಗಡಿ, ನಡುವೆ ಒಂದು ಪರದೆ. ಈಚೆ ತಂಗಿಯ ಹೊಲಿಗೆ ಯಂತ್ರ, ಆಚೆ ಅಣ್ಣನ ಗಡಿಯಾರ ರಿಪೇರಿ. ಹಿಂದಿನ ಎರಡು ಕೋಣೆಗಳೇ ಮನೆ. ಎಲ್ಲ ಕಡೆಯೂ ಗಿರಗಿರ ಸುತ್ತುವವಳು ತಂಗಿಯ ಒಂಬತ್ತು ವರ್ಷದ ಮಗಳು. ಮಾವ ಇಟ್ಟ ಹೆಸರು ಬುಗುರಿ. ಅವಳದು ತುಂಟತನವಲ್ಲ, ಎಡಿಎಚ್‌ಡಿ ಎಂಬ ಗಮನ ನಿಲ್ಲದ ತೊಂದರೆ ಎಂದು ಡಾಕ್ಟರಮ್ಮ ಹೇಳಿ, ದಿನಕ್ಕೊಂದು ಕ್ಯಾಪ್ಸೂಲ್ ಬರೆದು ಆರು ತಿಂಗಳಾಗಿತ್ತು. ಬುಗುರಿ ಮೊದಲ ಸಲ ಒಂದು ಪಾಠವನ್ನು ಕೊನೆಯ ಸಾಲಿನ ತನಕ ಓದಿದ ದಿನ ತಾಯಿ ಯಂತ್ರ ನಿಲ್ಲಿಸಿ ಕಣ್ಣೊರೆಸಿಕೊಂಡಿದ್ದಳು.

ಆದರೆ ಕಳೆದ ಮೂರು ವಾರದಿಂದ ಎಲ್ಲ ತಿರುಗಾಮುರುಗಾ. ಶಾಲೆಯಿಂದ ಎರಡು ದೂರು ಬಂದವು. ಒಮ್ಮೆ ರಸ್ತೆಗೆ ಅಡ್ಡ ಓಡಿ, ಬಸ್ಸಿನ ಚಕ್ರಕ್ಕೂ ಅವಳಿಗೂ ನಡುವೆ ಒಂದು ಗೇಣು ಉಳಿಯಿತು. ಮಾವನ ಸ್ಕ್ರೂ ಡಬ್ಬಿ ಕೆಡವಿ ಇನ್ನೂರು ಸ್ಕ್ರೂ ನೆಲದ ಪಾಲು ಮಾಡಿದಳು. ಆ ಸಂಜೆ ಮೂಲೆಯಲ್ಲಿ ಮುದುರಿ ಕೂತು ಕೇಳಿದಳು: "ಅಮ್ಮಾ, ಮಾತ್ರೆಗೂ ನಾನು ಸಾಕಾಗ್ಹೋದ್ನಾ?"

ಮದ್ದು ಸಾಲುತ್ತಿಲ್ಲ ಎಂದು ಡಾಕ್ಟರಮ್ಮ ಡೋಸ್ ಹೆಚ್ಚಿಸಿದರು. ಹೊಸ ಡಬ್ಬಿ ಮನೆಗೆ ಬಂತು. ಹಳೆಯದು ಇನ್ನೊಂದು ದಿನ, ಆಮೇಲೆ ಇದು ಶುರು.

ಮರುದಿನ ಬೆಳಿಗ್ಗೆ ಬುಗುರಿಗೆ ಗಂಟಲು ನೋವು. ನುಂಗಲಾಗದಿದ್ದರೆ ಕ್ಯಾಪ್ಸೂಲ್ ಬಿಚ್ಚಿ ಕಿವುಚಿದ ಬಾಳೆಹಣ್ಣಿನ ಮೇಲೆ ಉದುರಿಸಬಹುದೆಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ತಾಯಿ ಹಳೆಯ ಡಬ್ಬಿಯದೊಂದನ್ನು ಬಿಚ್ಚಿದಳು. ಬಿಳಿ ಕಾಳುಗಳು ಬೀಳಬೇಕಾದಲ್ಲಿ ಬಿದ್ದದ್ದು ಹಸಿರು ಪುಡಿ. ಉಳಿದ ನಾಲ್ಕನ್ನೂ ಬಿಚ್ಚಿದಳು. ಎಲ್ಲವೂ ಹಸಿರು. ಹೊರಗಿನ ಹೋಳುಗಳು ಕೂದಲೆಳೆಯಷ್ಟೂ ಬಾಗದೆ ಕೂತಿದ್ದವು. ಇಡೀ ಬೀದಿಯಲ್ಲಿ ಅಂಥ ಕೈ ಒಬ್ಬನದೇ.

ಪರದೆ ಸರಿಸಿದ ರಭಸಕ್ಕೆ ಅದರ ಎರಡು ಕೊಂಡಿ ಕಿತ್ತುಹೋದವು.

"ಅಣ್ಣಾ, ಇದೇನಿದು?"

ಅವನು ಚಿಮುಟ ಕೆಳಗಿಟ್ಟ. ಸುಳ್ಳು ಹೇಳಲಿಲ್ಲ. "ಬೇರಿನ ಪುಡಿ. ಅಪ್ಪಟ ನೈಸರ್ಗಿಕ. ಅದರಿಂದೇನೂ ತೊಂದ್ರೆ ಇಲ್ಲ."

"ಯಾವ ಬೇರು?"

"ಡಬ್ಬಿ ಮೇಲೆ ಬರ್ದಿಲ್ಲ. ಮಾರೋನು ನಂಬಿಕಸ್ಥ."

"ನನ್ನ ಮಗಳ ಹೊಟ್ಟೆಗೆ ಏನು ಹೋಗ್ತಿದೆ ಅಂತ ನನಗೇ ಗೊತ್ತಿಲ್ಲ, ಮಾರೋನು ನಂಬಿಕಸ್ಥ!"

"ಕೂಗಬೇಡ. ಆ ಮಾತ್ರೆ ತಗೊಂಡು ಮಗು ಮಧ್ಯಾಹ್ನ ತುತ್ತು ಮುಟ್ತಿರ್ಲಿಲ್ಲ. ಕಡ್ಡಿ ಆಗಿದ್ಲು. ಮೊದಲಿನ ಹಾಗೆ ನಗ್ತಾನೂ ಇರ್ಲಿಲ್ಲ. ನಿನ್ನ ಕಣ್ಣಿಗೆ ಬಿದ್ದಿತ್ತಾ? ನನಗೆ ನೋಡಕ್ಕಾಗ್ಲಿಲ್ಲ."

ಬಿದ್ದಿತ್ತು. ಅವನು ನಿಜವನ್ನೇ ಹೇಳುತ್ತಿದ್ದ. ಅದಕ್ಕೇ ಅವಳ ಸಿಟ್ಟು ಇನ್ನಷ್ಟು ಉರಿಯಿತು.

"ಹಾಗಾದ್ರೆ ಬಾಯಿ ಬಿಟ್ಟು ಹೇಳ್ಬೇಕಿತ್ತು! ನನಗೆ ಹೇಳು, ಡಾಕ್ಟ್ರಿಗೆ ಹೇಳು. ಕಳ್ಳನ ಥರ ಮೂವತ್ತು ಕ್ಯಾಪ್ಸೂಲ್ ಬಿಚ್ಚಿ ತುಂಬ್ತೀಯಾ? ಒಳಗೆ ಮದ್ದೇ ಇಲ್ಲದ್ದಕ್ಕೆ ಮದ್ದು ಸಾಲ್ತಿಲ್ಲ ಅಂದ್ಕೊಂಡು ಡೋಸ್ ಏರಿಸಿದಾರೆ. ನಾಳೆ ಅದನ್ನ ನನ್ನ ಕೈಯಾರೆ ಕೊಡ್ತಿದ್ದೆ, ಗೊತ್ತಾ ನಿನಗೆ?"

ಅಣ್ಣನ ಮುಖ ಬಿಳಿಚಿತು. ಆದರೆ ಮುಖ ಬಿಳಿಚಿದಷ್ಟು ಸುಲಭವಾಗಿ ಗಂಡಸಿನ ಹಟ ಕರಗುವುದಿಲ್ಲ.

ತಂಗಿ ಕೂಡಲೇ ಡಾಕ್ಟರಮ್ಮನಿಗೆ ಫೋನ್ ಮಾಡಿದಳು. "ಹೊಸ ಡಬ್ಬಿ ಮುಟ್ಟಬೇಡಿ. ಹಳೇ ಡೋಸಿನದು ಬರೆದು ಕಳಿಸ್ತೀನಿ. ಊಟ ಸೇರದ್ದಕ್ಕೆ ದಾರಿ ಇದೆಯಮ್ಮ, ತಿಂಡಿ ಆದ ಮೇಲೆ ಕೊಡಿ. ಮತ್ತೆ ತೂಕ ನೋಡೋಣ. ಆಟ, ನಿದ್ದೆ, ಓಟ ಎಲ್ಲಾ ಇರಲಿ, ಅವೂ ಬೇಕು. ಆದ್ರೆ ಆ ಪುಡಿ ಏನು, ಎಷ್ಟು ಹಾಕಿದ್ರು, ತುಂಬಿದವರೇ ಬಂದು ಹೇಳ್ಬೇಕು. ಡಬ್ಬಿನೂ ತರಲಿ."

"ನಾನೇನು ಅಪರಾಧೀನಾ, ಕಟಕಟೆ ಹತ್ತೋಕೆ?" ಎಂದ ಅಣ್ಣ. ಪುಡಿಯ ಡಬ್ಬಿಯನ್ನು ಮೇಜಿನ ಖಾನೆಗೆ ಸೇರಿಸಿದ.

ಬುಗುರಿಗೆ ಹಳೆಯ ಡೋಸ್ ಮತ್ತೆ ಶುರುವಾಯಿತು; ನಾಲ್ಕು ದಿನ ಅಣ್ಣ ತಂಗಿ ಪರದೆ ಸರಿಸಲಿಲ್ಲ. ತಂಗಿ ಬಟ್ಟೆ ಕತ್ತರಿಸುವ ಸದ್ದಿಗೇ ಗಿರಾಕಿಗಳು ಒಂದು ಹೆಜ್ಜೆ ಹಿಂದೆ ನಿಲ್ಲುತ್ತಿದ್ದರು.

ಐದನೆಯ ದಿನ ತಂಗಿ ಒಂದು ಕೈಗಡಿಯಾರ ತಂದು ಅವನ ಮುಂದೆ ಕುಕ್ಕಿದಳು. "ಗಿರಾಕಿದು. ಮೂರು ವಾರದಿಂದ ಓಡ್ತಿಲ್ಲವಂತೆ."

ಅಣ್ಣ ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಅದನ್ನು ಮಗುಚಿದ. ನಾಲ್ಕು ಸಾಸಿವೆ ಗಾತ್ರದ ಸ್ಕ್ರೂ. ಸುತ್ತ ಒಂದು ಗೀರಿಲ್ಲ. ಕೆಲಸ ಕಂಡರೆ ಜಗಳ ಮರೆಯುವ ಮನುಷ್ಯ ಅವನು. "ಇದನ್ನ ಮುಚ್ಚಿದವನು ಕಸುಬುದಾರ ಕಣೇ. ಅವಸರ ಇಲ್ಲ, ನಡುಕ ಇಲ್ಲ. ಎಂಥ ತಾಳ್ಮೆ!"

ಮುಚ್ಚಳ ಎತ್ತಿದ. ಯಂತ್ರವೂ ಇಲ್ಲ, ಬ್ಯಾಟರಿಯೂ ಇಲ್ಲ. ಹಸಿರು ಪುಡಿ ಬುಸ್ಸನೆ ಬಿಳಿ ಬಟ್ಟೆಯ ಮೇಲೆ ಸುರಿಯಿತು.

ಪರದೆಯ ಹಿಂದಿನಿಂದ ಅವನದೇ ದನಿ ಬಂತು, ಅದೇ ಮೂಗು, ಅದೇ ರಾಗ, ನಡುವೆ ಅದೇ ಕೆಮ್ಮು: "ಬ್ಯಾಟರಿ ಅಂದ್ರೆ ಬರೀ ಕೆಮಿಕಲ್ ಸ್ವಾಮೀ! ಇದು ಅಪ್ಪಟ ಬೇರು. ಓಡ್ತಿಲ್ವಾ? ಗಡಿಯಾರಕ್ಕೆ ನಂಬಿಕೆ ಕಮ್ಮಿ. ಇನ್ನೂ ಮೂರು ವಾರ ಕೊಡಿ... ಉಹ್ಹು ಉಹ್ಹು... ಮಾರೋನು ನಂಬಿಕಸ್ಥ!"

ಅಣ್ಣ ಮಸೂರ ತೆಗೆದ. ಪುಡಿಯನ್ನು ನೋಡಿದ, ಬಿಚ್ಚಿಟ್ಟ ನಾಲ್ಕು ಸ್ಕ್ರೂಗಳನ್ನು ನೋಡಿದ.

"ಬುಗುರೀ, ಇದನ್ನ ಬಿಗಿದಿದ್ದು ಯಾರು?"

"ನಾನೇ ಮಾವ. ಗುಜರಿ ವಾಚು, ಗಿರಾಕಿದಲ್ಲ. ಪುಡಿ ಆ ಐದು ಕ್ಯಾಪ್ಸೂಲಿಂದು. ಮುಕ್ಕಾಲು ಗಂಟೆ ಎದ್ದೇ ಇಲ್ಲ. ಅಮ್ಮನ್ನ ಕೇಳು."

"ಒಂದೂ ಸ್ಕ್ರೂ ಬೀಳಿಸಿಲ್ಲ," ಎಂದಳು ತಂಗಿ. ಅವಳ ದನಿ ಇನ್ನೂ ಬಿಸಿಯಾಗಿಯೇ ಇತ್ತು. "ಆ ಕೈಯಿಂದ್ಲೇ ನೀನು ಮೂರು ವಾರ ಕಿತ್ಕೊಂಡಿದ್ದು."

ಅವನು ಎದ್ದು ಖಾನೆ ಎಳೆದು ಪುಡಿಯ ಡಬ್ಬಿ ತೆಗೆದ. ಅಂಗಡಿಯ ಬಾಗಿಲು ಅರ್ಧ ಎಳೆದು ಚಪ್ಪಲಿ ಮೆಟ್ಟಿದ. "ಡಾಕ್ಟರಮ್ಮ ಎಷ್ಟು ಹೊತ್ತಿನವರೆಗೆ ಇರ್ತಾರೆ? ಕೇಳಿದ್ದಕ್ಕೆಲ್ಲಾ ನಾನೇ ಹೇಳ್ತೀನಿ. ನೀವಿಬ್ರೂ ಬಾಯಿ ಹಾಕ್ಬೇಡಿ."

"ಬೈದ್ರೆ?" ಎಂದಳು ಬುಗುರಿ.

"ಬೈಸ್ಕೋತೀನಿ. ಆಮೇಲೆ ಅವರ ದನೀನೂ ಮಾಡಿ ತೋರಿಸ್ತೀಯಲ್ಲ?"

"ಈಗಲೇ ಮಾಡ್ಲಾ?" ಬುಗುರಿ ಸೊಂಟಕ್ಕೆ ಕೈಯಿಟ್ಟು, ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿದಳು. "ಏನ್ರೀ ವಾಚು, ಓಡ್ತೀರೋ, ಇಂಜೆಕ್ಷನ್ ಕೊಡ್ಲೋ?"

ತಂಗಿಯ ತುಟಿ ಬಿಗಿದೇ ಇತ್ತು, ಒಂದು ಅಂಚು ಮಾತ್ರ ಅಲುಗಿತು. ಬುಗುರಿ ಕಿಲಕಿಲ ಎಂದಳು. ಅಣ್ಣ ಡಬ್ಬಿಯನ್ನು ಎದೆಗವಚಿಕೊಂಡು, ಕಣ್ಣಲ್ಲಿ ನೀರು ಬರುವ ತನಕ, ರಸ್ತೆಯ ಆಚೆಯ ಅಂಗಡಿಯವರೂ ತಿರುಗಿ ನೋಡುವಷ್ಟು ಜೋರಾಗಿ ನಕ್ಕ.