ಬಿಟ್ಟುಕೊಟ್ಟ ಚೆಂಡುಗಳು

ಪ್ರಣಾಲಿ ಬೇಕೆಂದೇ ಚೆಂಡು ಬಿಡುತ್ತಿದ್ದಾಳೆ ಎಂಬ ಸಂಶಯ ಸಪನಾಳಿಗೆ ಮೊದಲು ಬಂದದ್ದು ಔರಾದಿನ ಬಾಸ್ಕೆಟ್‌ಬಾಲ್ ಅಂಕಣದಲ್ಲಿ. ಆಟ ಮುಗಿಯಲು ಒಂದು ನಿಮಿಷವೂ ಉಳಿದಿರಲಿಲ್ಲ. ಭಾಲ್ಕಿಯ ಹುಡುಗಿಯರು ಒಂದೇ ಒಂದು ಅಂಕ ಹಿಂದಿದ್ದರು. ರಿಂಗಿನ ಕೆಳಗೆ ಒಬ್ಬಳೇ ನಿಂತಿದ್ದ ಪ್ರಣಾಲಿಯ ಎದೆಯ ಮಟ್ಟಕ್ಕೇ ಪಾಸ್ ಬಂತು. ತಂಡದ ಉಳಿದವರಿಗಿಂತ ಗೇಣುದ್ದ ಎತ್ತರದ ಹುಡುಗಿ ಅವಳು. ಚೆಂಡು ಹಿಡಿದು ಕೈ ಎತ್ತಿದ್ದರೆ ಕೆಲಸ ಮುಗಿದಿತ್ತು. ಅವಳು ಕೈ ಚಾಚಿದಳು, ಚೆಂಡು ಮುಟ್ಟಿದ ಮೇಲೆ ಬೆರಳು ಬಿಚ್ಚಿದಳು. ಚೆಂಡು ಗೆರೆ ದಾಟಿ ಉರುಳಿಹೋಯಿತು.

ಬೆಂಚಿನ ಮೇಲಿದ್ದವರೆಲ್ಲ "ಅಯ್ಯ!" ಎಂದು ತಲೆ ಹಿಡಿದುಕೊಂಡರು. ಸಪನಾ ಮಾತ್ರ ಪ್ರಣಾಲಿಯ ಮುಖ ನೋಡುತ್ತಿದ್ದಳು. ಅಲ್ಲಿ ಬೇಸರದ ಸುಳಿವೇ ಇರಲಿಲ್ಲ.

"ಏನಾಗ್ಯಾದ ನಿನಗ? ಕೈಯಾಗ ಬಂದ ಚೆಂಡ ಬಿಡ್ತಿ?" ಆಟ ಮುಗಿದ ಮೇಲೆ ಕೇಳಿದಳು.

"ಜಾರ್ತು ಮೇಡಂ."

"ನಿನ್ನೆ ಪ್ರ್ಯಾಕ್ಟೀಸಿನ್ಯಾಗ ನಲವತ್ತ ಹಿಡದಿ. ಒಂದರೆ ಜಾರಿತ್ತೇನು?"

ಪ್ರಣಾಲಿ ತನ್ನ ಎಡ ಮಣಿಕಟ್ಟನ್ನು ಬಲಗೈಯಿಂದ ಹಿಡಿದುಕೊಂಡು ನೆಲ ನೋಡಿದಳು.

ಸಪನಾ ಭಾಲ್ಕಿಯ ಒಂದು ಖಾಸಗಿ ಶಾಲೆಯ ದೈಹಿಕ ಶಿಕ್ಷಕಿ. ಊರು ಭಾತಂಬ್ರಾ, ವಯಸ್ಸು ಇಪ್ಪತ್ತೊಂಬತ್ತು. ಕಲಬುರಗಿಯಲ್ಲಿ ಓದುವಾಗ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವಳು. ರಾಜ್ಯ ತಂಡದ ಆಯ್ಕೆಯಲ್ಲಿ ಕೊನೆಯ ದಿನ ಅವಳ ಹೆಸರು ಅಳಿಸಿ, ಆಯ್ಕೆಗಾರರೊಬ್ಬರ ಅಕ್ಕನ ಮಗಳ ಹೆಸರು ಬರೆದಿದ್ದರು. ಅಂದಿನಿಂದ ಆಟದ ಮೈದಾನದಲ್ಲಿ ಯಾರಾದರೂ ನಕ್ಕು ಮಾತಾಡಿಸಿದರೂ ಇದರ ಹಿಂದೆ ಏನಿದೆ ಎಂದು ಯೋಚಿಸುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಹಾಗಾಗಿ ಔರಾದ್ ತಂಡದ ತರಬೇತುದಾರ ಮುನೀರೋದ್ದೀನ ಚಹಾದ ಕಪ್ಪು ಹಿಡಿದು ಹತ್ತಿರ ಬಂದಾಗಲೇ ಅವಳು ಎಚ್ಚರವಾದಳು.

"ಹುಡಗಿ ಭಾಳ ಚಲೋ ಅದಾಳ್ರಿ ಮೇಡಂ. ಯಾವೂರಾಕಿ?"

"ಖಟಕ ಚಿಂಚೋಳಿ."

"ಅಲ್ಲೇ ಹುಟ್ಟಿದಾಕಿ ಏನ್ರಿ?"

"ಯಾಕ್ರಿ ಸರ್, ಜನಗಣತಿ ಮಾಡ್ಲಿಕ್ಕತ್ತೀರೇನು?"

ಐವತ್ತು ದಾಟಿದ ಮುನೀರೋದ್ದೀನ ಗಡ್ಡ ಸವರಿಕೊಂಡು ನಕ್ಕ. "ಇಲ್ರಿ, ಖಾಲಿಪೀಲಿ ಕೇಳ್ದೆ."

ಹೀಗೆ ಖಾಲಿಪೀಲಿ, ಸುಮ್ಮಸುಮ್ಮನೆ, ಯಾರೂ ಕೇಳುವುದಿಲ್ಲ ಎಂಬುದು ಸಪನಾಳ ಲೆಕ್ಕ. ಈತನಿಗೆ ನನ್ನ ಹುಡುಗಿ ಬೇಕಾಗಿದ್ದಾಳೆ ಎಂದುಕೊಂಡಳು.

ಜಿಲ್ಲೆಯ ಮಕ್ಕಳಿಗಾಗಿ ನಡೆಯುತ್ತಿದ್ದ ಆ ಕೂಟದಲ್ಲಿ ಎರಡು ಗುಂಪುಗಳಿದ್ದವು: ಹದಿನಾಲ್ಕರೊಳಗಿನವರದು, ಹದಿನೇಳರೊಳಗಿನವರದು. ಮೊದಲ ಸುತ್ತು ಔರಾದಿನಲ್ಲಿ, ಎರಡನೆಯದು ಭಾಲ್ಕಿಯಲ್ಲಿ, ಕೊನೆಯದು ಬೀದರಿನಲ್ಲಿ. ಮೊದಲ ಎರಡು ಸುತ್ತುಗಳ ಒಟ್ಟು ಗೆಲುವಿನ ಮೇಲೆ ಬೀದರಿಗೆ ಹೋಗುವ ತಂಡಗಳು ತೀರ್ಮಾನವಾಗುತ್ತಿದ್ದವು. ಪ್ರಣಾಲಿ ಏಳನೆಯ ತರಗತಿ. ಕಿರಿಯರ ಗುಂಪಿನಲ್ಲಿ ಆಡುತ್ತಿದ್ದಳು. ಅವಳು ಮನಸ್ಸಿಟ್ಟು ಆಡಿದರೆ ಬೀದರಿನ ಗೆಲುವಿನ ಕಪ್ಪು ಭಾಲ್ಕಿಗೆ ಬಂದಂತೆಯೇ. ಆ ಮನಸ್ಸು ಇಡಿಸುವುದು ಹೇಗೆ ಎಂಬುದೇ ತಿಳಿಯದಾಗಿತ್ತು.

ಸಪನಾ ಬೈದು ನೋಡಿದಳು. ಪ್ರಣಾಲಿ ಎರಡು ದಿನ ಅಭ್ಯಾಸಕ್ಕೇ ಬರಲಿಲ್ಲ. ನಾಯಕಿಯನ್ನಾಗಿ ಮಾಡಿದಳು. ಮರುದಿನ ಪ್ರಣಾಲಿ ಬಂದು, "ಬ್ಯಾಡ್ರಿ ಮೇಡಂ, ಬ್ಯಾರೇದವರಿಗಿ ಮಾಡ್ರಿ" ಎಂದಳು. ಕೊನೆಗೆ ಬೀದರಿನಿಂದ ಒಳ್ಳೆಯ ಶೂ ತರಿಸಿ ಕೊಟ್ಟಳು. ಹುಡುಗಿ ಡಬ್ಬಿಯ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದಳು.

"ನನಗಷ್ಟೇ ಯಾಕ್ರಿ?"

"ನೀ ಚಲೋ ಆಡ್ತಿ ಅಂತ."

"ಮತ್ತೇನೂ ಇಲ್ಲಲ್ರಿ?"

ಆ ಪ್ರಶ್ನೆಯ ಧಾಟಿ ಸಪನಾಳಿಗೆ ವಿಚಿತ್ರವೆನಿಸಿತು. ಹದಿಮೂರು ವರ್ಷದ ಹುಡುಗಿ ತನ್ನನ್ನು ಪೊಲೀಸರಂತೆ ವಿಚಾರಣೆ ಮಾಡುತ್ತಿದ್ದಾಳಲ್ಲ! ಶೂ ಡಬ್ಬಿ ಮರುದಿನ ಬೆಳಿಗ್ಗೆ ಸಪನಾಳ ಮೇಜಿನ ಮೇಲಿತ್ತು.

ಭಾನುವಾರ ಅವಳು ಸ್ಕೂಟಿ ಹತ್ತಿ ಖಟಕ ಚಿಂಚೋಳಿಗೇ ಹೋದಳು. ಪ್ರಣಾಲಿಯ ತಂದೆ ಮಾಣಿಕ ವಿದ್ಯುತ್ ಇಲಾಖೆಯ ಲೈನ್‌ಮನ್. ಅಂದು ಕೆಲಸದ ಮೇಲೆ ಹೋಗಿದ್ದ. ತಾಯಿ ಕೌಸಲ್ಯಾಬಾಯಿ ಮನೆಯಲ್ಲಿದ್ದಳು. ಬುದ್ಧ ಮತ್ತು ಬಾಬಾಸಾಹೇಬರ ಪಟಗಳ ಕೆಳಗೆ ಕುರ್ಚಿ ಹಾಕಿ, ಚಹಾ, ಅವಲಕ್ಕಿ ಚೂಡಾ ಕೊಟ್ಟು ಚೆನ್ನಾಗಿಯೇ ಮಾತಾಡಿದಳು. ಮಗಳು ಆಡುವುದಕ್ಕೆ ತಮ್ಮದೇನೂ ಅಡ್ಡಿಯಿಲ್ಲ, ಓದಿದ ಹೆಣ್ಣುಮಕ್ಕಳು ಯಾರಿಗೂ ಕಡಿಮೆಯಿಲ್ಲ ಎಂದಳು. ಮಾತಿನ ಮಧ್ಯೆ ಸಪನಾ ಸಹಜವಾಗಿ, "ಆಕಿ ಹುಟ್ಟಿದ ದಿನಾ ಯಾವಾಗ ಬರ್ತದ್ರಿ? ಸಾಲ್ಯಾಗ ಎಲ್ಲಾರೂ ಕೂಡಿ ಮಾಡೋಣು" ಎಂದಳು.

ಕೌಸಲ್ಯಾಬಾಯಿಯ ಕೈಯಲ್ಲಿದ್ದ ತಟ್ಟೆ ಅಲ್ಲೇ ನಿಂತಿತು. "ಸಾಲ್ಯಾಗ ಬರಕೊಂಡಾರಲ್ರಿ. ಅದೇ ನೋಡ್ರಿ." ಅಷ್ಟು ಹೇಳಿ ಅಡುಗೆಮನೆಗೆ ಹೋದವಳು, ಸಪನಾ ಹೊರಡುವವರೆಗೂ ಸರಿಯಾಗಿ ಹೊರಗೆ ಬರಲಿಲ್ಲ.

ಇವರೆಲ್ಲ ಸೇರಿ ಏನೋ ಮುಚ್ಚಿಡುತ್ತಿದ್ದಾರೆ. ದಾರಿಯುದ್ದಕ್ಕೂ ಸಪನಾ ಅದನ್ನೇ ಯೋಚಿಸಿದಳು. ಬಹುಶಃ ಔರಾದಿನವರು ಹುಡುಗಿಗೆ ಹಾಸ್ಟೆಲ್ಲು, ಸೀಟು ಎಲ್ಲ ಕೊಡುತ್ತೇವೆಂದು ಮಾತು ಕೊಟ್ಟಿರಬೇಕು. ಮನೆಯವರೂ ಒಪ್ಪಿರಬೇಕು. ಈ ವರ್ಷ ಭಾಲ್ಕಿಯನ್ನು ಸೋಲಿಸಿ, ಮುಂದಿನ ವರ್ಷ ಅಲ್ಲಿ ಹೋಗಿ ಆಡುವುದು!

ಬುಧವಾರ ಅದಕ್ಕೆ ಸಾಕ್ಷಿಯೂ ಸಿಕ್ಕಿತು. ಸಂಜೆ ಭಾಲ್ಕಿ ಬಸ್ ನಿಲ್ದಾಣದ ಎದುರು ಹಣ್ಣು ಕೊಳ್ಳುತ್ತಿದ್ದ ಸಪನಾ, ಔರಾದ್ ಬಸ್ಸು ನಿಲ್ಲುವ ಕಟ್ಟೆಯ ಹತ್ತಿರ ಮುನೀರೋದ್ದೀನನನ್ನು ಕಂಡಳು. ಅವನ ಎದುರು ಶಾಲೆಯ ಚೀಲ ಹೊತ್ತ ಪ್ರಣಾಲಿ. ಹುಡುಗಿ ಒಂದೇ ಸಮನೆ ಏನೋ ಕೇಳುತ್ತಿದ್ದಳು. ಅವನು ತಲೆಯಾಡಿಸಿ, ಜೇಬಿನಿಂದ ಪೆನ್ನು ತೆಗೆದು, ಚೀಟಿಯಲ್ಲಿ ಬರೆದು ಕೊಟ್ಟ. ಅವಳು ಅದನ್ನು ಮಡಚಿ ಚೀಲದ ಮುಂದಿನ ಜೇಬಿನಲ್ಲಿ ಹಾಕಿಕೊಂಡಳು. ಸಪನಾಳ ಕೈಯಲ್ಲಿದ್ದ ಪೇರಲ ಹಣ್ಣು ಹಿಚುಕಿಹೋಗಿತ್ತು.

ಮರುದಿನ ಹುಡುಗಿಯರನ್ನು ಮೈದಾನದ ಸುತ್ತ ಓಡಲು ಬಿಟ್ಟು ಅವಳು ಚೀಲಗಳಿದ್ದ ಕೋಣೆಗೆ ಹೋದಳು. ಮಾಡುತ್ತಿರುವುದು ತಪ್ಪೆಂದು ಗೊತ್ತಿತ್ತು. ಆದರೂ ಪ್ರಣಾಲಿಯ ಚೀಲದ ಮುಂದಿನ ಜೇಬು ತೆರೆದಳು. ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: 'ಜನನ ಪ್ರಮಾಣಪತ್ರ, ನಗರ ಪರಿಷತ್ತು, ಉದಗೀರ. ತಂದೆಯವರೇ ಹೋಗಬೇಕು.' ಅದರ ಹಿಂದೆ ಪ್ಲಾಸ್ಟಿಕ್ ಕವರಿನಲ್ಲಿ ಹಳೆಯ ಅಂಕಪಟ್ಟಿ, ಮರಾಠಿಯಲ್ಲಿ. ಗಡಿಯಾಚೆ ಮಹಾರಾಷ್ಟ್ರದ ಉದಗೀರದ ಶಾಲೆ, ನಾಲ್ಕನೆಯ ತರಗತಿ, ಪ್ರಣಾಲಿ ಮಾಣಿಕ ಎಂಬ ಹೆಸರು. ಹುಟ್ಟಿದ ದಿನಾಂಕದ ಮೇಲೆ ಬೆರಳಿಟ್ಟು ಸಪನಾ ಎರಡು ಸಲ ಎಣಿಸಿದಳು. ಹದಿಮೂರಲ್ಲ. ಹದಿನೈದು.

"ನನ್ನ ಚೀಲಾ ಯಾಕ ತೆಗದ್ರಿ?"

ಬಾಗಿಲಲ್ಲಿ ಪ್ರಣಾಲಿ ನಿಂತಿದ್ದಳು. ಓಟದಿಂದ ಏದುಸಿರು ಬಿಡುತ್ತಿದ್ದಳು.

ಸಪನಾಳಿಗೆ ಮುಖ ಎತ್ತಲಾಗಲಿಲ್ಲ. "ನಿನ್ನ ಮ್ಯಾಲ ಶಕ್ ಇತ್ತು. ಔರಾದದವರ ಜೋಡಿ ಕೂಡಿ ನಮಗ ಸೋಲಸ್ಲಿಕ್ಕತ್ತಿ ಅಂತ."

"ನನಗೂ ನಿಮ್ಮ ಮ್ಯಾಲ ಶಕ್ ಇತ್ರಿ" ಎಂದಳು ಹುಡುಗಿ. "ನಿಮಗೆಲ್ಲಾ ಗೊತ್ತದ, ಗೊತ್ತಿದ್ದೇ ಆಡಸ್ಲಿಕ್ಕತ್ತೀರಿ, ಬಾಯಿ ಮುಚ್ಚಿಸ್ಲಿಕ್ಕೆ ಶೂಜ್ ಕೊಟ್ಟೀರಿ ಅಂತ."

ಇಬ್ಬರೂ ಅಲ್ಲೇ ಬೆಂಚಿನ ಮೇಲೆ ಕುಳಿತರು. ಸ್ವಲ್ಪ ಸ್ವಲ್ಪವಾಗಿ ಎಲ್ಲ ಹೊರಗೆ ಬಂತು. ಪ್ರಣಾಲಿ ಹುಟ್ಟಿದ್ದು, ನಾಲ್ಕನೆಯ ತರಗತಿಯವರೆಗೆ ಓದಿದ್ದು ಉದಗೀರದಲ್ಲಿ, ಅಜ್ಜಿಯ ಮನೆಯಲ್ಲಿ, ಮರಾಠಿ ಶಾಲೆಯಲ್ಲಿ. ಅಜ್ಜಿ ತೀರಿಕೊಂಡ ಮೇಲೆ ಭಾಲ್ಕಿಯ ಶಾಲೆಗೆ ಕರೆತಂದಾಗ ಅವಳಿಗೆ ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ. ಮುಖ್ಯ ಗುರು ಸಿದ್ದೇಶ್ವರ ಅವಳನ್ನು ಎರಡು ವರ್ಷ ಕೆಳಗಿನ ತರಗತಿಗೆ ಹಾಕಿ, ಲೆಕ್ಕ ಸರಿಹೊಂದಲೆಂದು ದಾಖಲೆಯಲ್ಲಿ ಹುಟ್ಟಿದ ವರ್ಷವನ್ನೂ ಎರಡು ಮುಂದಕ್ಕೆ ಬರೆದುಬಿಟ್ಟಿದ್ದರು. ಆಗ ಅದು ಯಾರಿಗೂ ದೊಡ್ಡದೆನಿಸಿರಲಿಲ್ಲ. ಔರಾದಿನಲ್ಲಿ ಆಟಕ್ಕೆ ಮೊದಲು ಮುನೀರೋದ್ದೀನ ಮೈಕಿನಲ್ಲಿ ನಿಯಮ ಓದಿದ್ದ: ಸಂಶಯ ಬಂದವರ ಮಣಿಕಟ್ಟಿನ ಎಕ್ಸ್‌ರೇ ಬೀದರಿನಲ್ಲಿ ತೆಗೆಯುತ್ತಾರೆ, ವಯಸ್ಸು ಹೆಚ್ಚಿದ್ದರೆ ತಂಡ ಹೊರಗೆ, ತರಬೇತುದಾರರಿಗೆ ಐದು ವರ್ಷ ನಿಷೇಧ.

"ಬೀದರಿಗಿ ಹೋಗೋದೇ ಬ್ಯಾಡ, ಇಲ್ಲೇ ಸೋಲೋಣು ಅಂತ ಬಿಟ್ಟೆ ಮೇಡಂ."

"ನನಗ ಹೇಳ್ಬಾರದೇನು?"

"ಅವ್ವ ಹೇಳಬ್ಯಾಡ ಅಂದ್ಳು. ಸಾಲ್ಯಾಗಿಂದ ತೆಗೀತಾರ ಅಂತ ಅಂಜ್ಯಾಳ. ಅದಕ್ಕೇ ಔರಾದದ ಸರ್ ಕೂಟದ ಕೆಲಸಕ್ಕ ಇಲ್ಲಿಗಿ ಬಂದಾಗ ಅವರಿಗೇ ಕೇಳ್ದೆ. ಯಾರರೆ ಉದಗೀರದಾಗ ಹುಟ್ಟಿ ಹಿಂಗ ಇದ್ರ ಏನ್ ಮಾಡ್ಬೇಕು ಅಂತ. ಅವರು ಒಂದ್ ಕ್ಷಣ ನೋಡಿದ್ರು, ಮತ್ತ ಚೀಟಿ ಬರದ್ ಕೊಟ್ರು. ಯಾರು ಅಂತ ಕೇಳ್ಲೇ ಇಲ್ಲ."

ಸಪನಾ ಅಂದು ಏನನ್ನೂ ನಿರ್ಧರಿಸಲಿಲ್ಲ. ನಿಜ ಹೇಳಬೇಕೆಂದರೆ, ಸುಮ್ಮನಿದ್ದುಬಿಡುವ ಆಸೆ ಅವಳಿಗೂ ಆಯಿತು. ದಾಖಲೆ ಶಾಲೆಯದು, ತಪ್ಪು ಮುಖ್ಯ ಗುರುಗಳದು, ಎಕ್ಸ್‌ರೇ ಎಲ್ಲರದೂ ತೆಗೆಯುವುದಿಲ್ಲ. ಆದರೆ ತನ್ನ ಹೆಸರು ಅಳಿಸಿಹಾಕಿದ ಹಾಳೆಯ ನೆನಪು ಬಿಡಲಿಲ್ಲ. ಹದಿನೈದರ ಹುಡುಗಿಗೆ ಜಾಗ ಬಿಟ್ಟು ಬೆಂಚಿನಲ್ಲಿ ಕೂರುವ ಹನ್ನೆರಡರ ಹುಡುಗಿ ಯಾರದೋ ತಂಡದಲ್ಲಿ ಇದ್ದೇ ಇರುತ್ತಾಳಲ್ಲ.

ಮರುದಿನ ಮುಖ್ಯ ಗುರುಗಳ ಕೋಣೆಗೆ ಹೋಗಿ ಅಂಕಪಟ್ಟಿ ಮುಂದಿಟ್ಟಳು. ಸಿದ್ದೇಶ್ವರ ಕನ್ನಡಕ ತೆಗೆದು ಒರೆಸಿದರು.

"ಯಾರ್ ನೋಡ್ತಾರ್ರಿ ಮೇಡಂ? ಎಲ್ಲಾ ಕಡೆ ನಡೀತದ ಇದು. ಕಪ್ಪ ಬಂದ್ರ ಸಾಲಿದೇ ಹೆಸರ ಅಲ್ಲೇನು?"

"ನಾ ಆಕಿನ್ನ ಸಣ್ಣವರ ಗುಂಪಿನ್ಯಾಗ ಆಡಸಂಗಿಲ್ರಿ ಸರ್. ದೊಡ್ಡವರ ಗುಂಪಿಗಿ ಹಾಕ್ತೇನಿ. ದಾಖಲಾ ತಿದ್ದಲಿಕ್ಕೆ ನೀವು ಅರ್ಜಿ ಕೊಡ್ರಿ. ಕೊಡಂಗಿಲ್ಲ ಅಂದ್ರ ನಾನೇ ಬರೀತೇನಿ."

ಸಿದ್ದೇಶ್ವರ ಅಂಕಪಟ್ಟಿಯನ್ನು ಅವಳ ಕಡೆಗೆ ತಳ್ಳಿದರು. "ನಿಮಗ ಇದನ್ನ ಹೇಳಿಕೊಟ್ಟವರು ಯಾರು?" ಎಂದು ಕೇಳಿದರು. ತನ್ನದೇ ಸಂಶಯದ ಮಾತು ಬೇರೆಯವರ ಬಾಯಿಂದ ಕೇಳಿದಂತಾಗಿ ಸಪನಾ ಎದ್ದು ಬಂದಳು.

ಆ ಮಧ್ಯಾಹ್ನವೇ ಮುನೀರೋದ್ದೀನನಿಗೆ ಫೋನ್ ಮಾಡಿದಳು. "ನಿಮಗ ಗೊತ್ತಾಗಿತ್ತಲ್ರಿ ಸರ್. ಯಾಕ ದೂರು ಕೊಡ್ಲಿಲ್ಲ?"

"ಕೂಸು ತಾನಾ ಬಂದು ಕೇಳ್ತು ಮೇಡಂ. ಅದರ ಮ್ಯಾಲ ದೂರು ಹ್ಯಾಂಗ ಕೊಡ್ಲಿ?" ಮತ್ತೆ ಹೇಳಿದ: "ಖರೇ ಹೇಳ್ಲೇನು? ಬೀದರ ಫೈನಲ್‌ನ್ಯಾಗ ನಮ್ಮೆದುರು ಬಂದಿದ್ರ ಕೊಡ್ತಿದ್ದೆನೋ ಏನೋ. ನನಗೇ ಗೊತ್ತಿಲ್ಲ."

ಸಪನಾಳಿಗೆ ಅವನ ಮೊದಲ ಮಾತಿಗಿಂತ ಎರಡನೆಯದರಲ್ಲಿ ಹೆಚ್ಚು ನಂಬಿಕೆ ಹುಟ್ಟಿತು.

ಮಾಣಿಕ ಎರಡು ದಿನ ರಜೆ ಹಾಕಿ ಉದಗೀರಕ್ಕೆ ಹೋಗಿ ಪ್ರಮಾಣಪತ್ರ ತಂದ. ಶಾಲೆಯಿಂದ ಮಗಳನ್ನು ತೆಗೆಯುವುದಿಲ್ಲ ಎಂದು ಸಪನಾ ಮನೆಗೇ ಬಂದು ಹೇಳಿದ ಮೇಲೂ ಕೌಸಲ್ಯಾಬಾಯಿ ಪೂರ್ತಿ ನಂಬಲಿಲ್ಲ. ಬರವಣಿಗೆಯಲ್ಲಿ ಕೊಡಿರಿ ಎಂದಳು. ಸಪನಾ ಅಲ್ಲೇ ಕುಳಿತು ಬರೆದು ಸಹಿ ಹಾಕಿ ಕೊಟ್ಟಳು. ಸಿದ್ದೇಶ್ವರ ಕೊನೆಗೂ ಅರ್ಜಿ ಕಳಿಸಿದರು, ಆದರೆ ಅವಳೊಂದಿಗೆ ಮಾತು ಬಿಟ್ಟರು.

ಭಾಲ್ಕಿಯ ಸುತ್ತನ್ನು ಕಿರಿಯರು ಪ್ರಣಾಲಿ ಇಲ್ಲದೆಯೇ ಹೇಗೋ ದಾಟಿದರು. ಬೀದರಿನಲ್ಲಿ ಔರಾದಿನ ಎದುರು ಹನ್ನೊಂದು ಅಂಕಗಳಿಂದ ಸೋತರು. ಆಟ ಮುಗಿಯುತ್ತಲೇ ಒಬ್ಬ ಹುಡುಗಿಯ ತಾಯಿ ಕಸ್ತೂರಿಬಾಯಿ ನೇರ ಸಪನಾಳ ಎದುರಿಗೆ ಬಂದು ನಿಂತಳು.

"ಉದ್ದನೆಯಾಕಿನ್ನ ತೆಗದು ನಮ್ಮ ಮಕ್ಕಳಿಗಿ ಸೋಲಿಸಿದ್ರಿ. ಔರಾದದವರು ಏನ್ ಕೊಟ್ರು ನಿಮಗ?"

ಸಪನಾ ಸಿಟ್ಟಾಗಲಿಲ್ಲ. ಮೂರು ವಾರದ ಹಿಂದೆ ಇದೇ ಮಾತನ್ನು ತಾನು ಒಬ್ಬ ಹುಡುಗಿಯ ಬಗ್ಗೆ ಮನಸ್ಸಿನಲ್ಲಿ ಆಡಿದ್ದಳು. ವಯಸ್ಸಿನ ವಿಷಯ ಇದ್ದದ್ದು ಇದ್ದ ಹಾಗೆ ಹೇಳಿದಳು. ಕಸ್ತೂರಿಬಾಯಿ ಕೇಳಿಸಿಕೊಂಡಳು, "ಹಾಂ, ಹಾಂ" ಎಂದಳು, ನಂಬದೆಯೇ ಹೋದಳು.

ಮಧ್ಯಾಹ್ನ ಹಿರಿಯರ ಆಟ. ಬೀದರ್ ನಗರದ ತಂಡದ ಹುಡುಗಿಯರು ಪ್ರಣಾಲಿಗಿಂತ ದಪ್ಪಗಿದ್ದರು, ಇಬ್ಬರು ಅವಳಷ್ಟೇ ಎತ್ತರವಿದ್ದರು. ಮೊದಲ ಐದು ನಿಮಿಷದಲ್ಲೇ ಅವಳನ್ನು ಎರಡು ಸಲ ಕೆಡವಿದರು. ಎರಡನೆಯ ಸಲ ಮೊಣಕಾಲು ತರಚಿ ರಕ್ತ ಬಂತು. ಸಪನಾ ಬದಲಿ ಆಟಗಾರ್ತಿಯನ್ನು ಎಬ್ಬಿಸಿದಳು. ಪ್ರಣಾಲಿ ಅಂಕಣದಿಂದಲೇ ಕೈ ಅಲ್ಲಾಡಿಸಿ ಬೇಡವೆಂದಳು. ಮುಂದಿನ ಚೆಂಡು ಅವಳ ತಲೆಯ ಮೇಲಿಂದ ಹೋಗುವುದಿತ್ತು. ಅವಳು ಹಾರಿ ಎರಡೂ ಕೈಯಿಂದ ಕಿತ್ತುಕೊಂಡಳು, ಭುಜದಿಂದ ಎದುರಿನವಳನ್ನು ಸರಿಸಿಕೊಂಡು ತಿರುಗಿದಳು, ಎತ್ತಿ ಹಾಕಿದಳು. ಚೆಂಡು ರಿಂಗಿನ ಅಂಚು ಬಡಿದು ಒಳಗೆ ಬಿತ್ತು.

ಆ ಆಟದಲ್ಲಿ ಅವಳು ಹತ್ತೊಂಬತ್ತು ಅಂಕ ಗಳಿಸಿದಳು. ಭಾಲ್ಕಿ ಆರು ಅಂಕಗಳಿಂದ ಸೋತಿತು. ಪ್ರಣಾಲಿ ಬೆಂಚಿಗೆ ಬಂದು, ಮೊಣಕಾಲಿಗೆ ಪಟ್ಟಿ ಕಟ್ಟಿಸಿಕೊಳ್ಳುವಾಗ ಅಳು ತಡೆಯಲಾಗದೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಸೋತದ್ದಕ್ಕೆ ಅವಳು ಅತ್ತದ್ದನ್ನು ಸಪನಾ ಕಂಡದ್ದು ಅದೇ ಮೊದಲು. ಸಮಾಧಾನ ಮಾಡದೆ ಸುಮ್ಮನೆ ಪಟ್ಟಿ ಸುತ್ತುತ್ತ ಕುಳಿತಳು.

ಸ್ವಲ್ಪ ಹೊತ್ತಾದ ಮೇಲೆ ಪ್ರಣಾಲಿ ಮೂಗು ಒರೆಸಿಕೊಂಡು ಕೇಳಿದಳು.

"ಮೇಡಂ, ಆ ಒಂಬತ್ತನೇ ನಂಬರದಾಕಿ ಎಡಗೈಲೇ ಹಾಕ್ತಾಳಲ್ರಿ. ಆಕಿನ್ನ ಹ್ಯಾಂಗ ತಡೀಬೇಕು?"

"ಎದ್ದು ನಿಂದ್ರು, ತೋರಸ್ತೇನಿ" ಎಂದಳು ಸಪನಾ.