ಬುಧವಾರ ಮಗಳು ಹೋಗುತ್ತಿದ್ದ ಕೋಣೆ

ಪ್ಯಾಂಟಿನ ಅಳತೆ ಕೊಡಲು ಬಂದ ಟ್ಯೂಷನ್ ಮೇಷ್ಟ್ರು ದರ್ಜಿಯನ್ನು ಕೇಳಿದರು: "ಮಗಳಿಗೆ ಹುಷಾರಿಲ್ವಾ? ಐದು ಬುಧವಾರದಿಂದ ಕ್ಲಾಸಿಗೇ ಬಂದಿಲ್ಲ."

ದರ್ಜಿಯ ಕೈಯಲ್ಲಿದ್ದ ಟೇಪು ನಿಂತಲ್ಲೇ ನಿಂತಿತು. "ಸ್ವಲ್ಪ ನೆಗಡಿ ಮೇಷ್ಟ್ರೇ" ಎಂದು ಸುಳ್ಳು ಹೇಳಿ ಮರ್ಯಾದೆ ಉಳಿಸಿಕೊಂಡ.

ಮನೆಗೆ ಬಂದು ಅಕ್ಕನಿಗೆ ಹೇಳಿದ. ತಾಯಿಯಿಲ್ಲದ ಅವನ ಇಬ್ಬರು ಮಕ್ಕಳನ್ನು ಸಾಕಿದವಳು ಈ ಅಕ್ಕನೇ. ದೊಡ್ಡವನು ಏಳು ತಿಂಗಳ ಹಿಂದೆ ಕಟ್ಟಡಕ್ಕೆ ಬಣ್ಣ ಹೊಡೆಯುತ್ತಿದ್ದಾಗ ಹಗ್ಗ ತುಂಡಾಗಿ ಬಿದ್ದು ತೀರಿಕೊಂಡಿದ್ದ. ಉಳಿದವಳು ಹದಿನಾರರ ಈ ಮಗಳು.

"ನನಗೆ ಮೊದಲೇ ಅನುಮಾನ ಇತ್ತು" ಎಂದಳು ಅಕ್ಕ. "ಒಡಹುಟ್ಟಿದವನು ಹೋದ್ರೂ ಒಂದು ಹನಿ ಕಣ್ಣೀರು ಹಾಕಲಿಲ್ಲ. ಅವನ ನೀಲಿ ಅಂಗಿಯೂ ಬೀರುವಿನಲ್ಲಿ ಇಲ್ಲ. ಯಾವ ಹುಡುಗನಿಗೆ ಕೊಟ್ಟಿದಾಳೋ ಏನೋ!"

ಮುಂದಿನ ಬುಧವಾರ ದರ್ಜಿ ಅಂಗಡಿ ಬಾಗಿಲು ಹಾಕಿ ಮಗಳ ಹಿಂದೆಯೇ ಹೋದ. ಅವಳು ಎರಡು ಸಲ ತಿರುಗಿ ನೋಡಿದಳು. ಅದನ್ನು ಕಂಡು ಅವನ ಅನುಮಾನ ಇನ್ನೂ ಬಲವಾಯಿತು. ಅವಳು ಆರೋಗ್ಯ ಕೇಂದ್ರದ ಹಿಂಬದಿಯ ಕೋಣೆಯೊಳಗೆ ಹೋದಳು. ಬಾಗಿಲ ಮುಂದೆ ಚಪ್ಪಲಿಗಳ ಜೊತೆ ಹುಡುಗರ ಬೂಟುಗಳೂ ಇದ್ದವು. ದರ್ಜಿ ಬಾಗಿಲು ತಳ್ಳಿದ.

ಒಳಗೆ ಏಳೆಂಟು ಹುಡುಗ ಹುಡುಗಿಯರು ಚಾಪೆಯ ಮೇಲೆ ಕುಳಿತಿದ್ದರು. ನಡುವೆ ನರ್ಸಮ್ಮ. ಚೀಲದಲ್ಲಿ ತಂದಿದ್ದ ಅಣ್ಣನ ನೀಲಿ ಅಂಗಿ ಈಗ ಮಗಳ ಮೈಮೇಲಿತ್ತು, ತೋಳು ಮೂರು ಮಡಿಕೆ ಮಡಚಿತ್ತು. ತಾನೇ ಹಾಕಿದ ಹೊಲಿಗೆ ಅವನಿಗೆ ಗುರುತು ಸಿಗದೆ ಇರುತ್ತದೆಯೇ?

"ಏನು ನಡೀತಿದೆ ಇಲ್ಲಿ?"

"ಬನ್ನಿ, ಕೂತ್ಕೊಳ್ಳಿ" ಎಂದರು ನರ್ಸಮ್ಮ. "ಇಲ್ಲಿರೋರೆಲ್ಲ ಅಣ್ಣನನ್ನೋ ತಂಗಿಯನ್ನೋ ಕಳ್ಕೊಂಡ ಮಕ್ಕಳು. ನಿಮಗೆ ಮಗಳ ಕೈಲಿ ಎರಡು ಸಲ ಚೀಟಿ ಕಳಿಸಿದ್ದೆ."

"ನನ್ನ ಕೈಗೆ ಬಂದಿಲ್ಲ. ಮನೆ ವಿಷಯ ಹೊರಗಿನವರ ಮುಂದೆ ಯಾಕೆ ಆಡಬೇಕು? ಮಾತ್ರೆ ಗೀತ್ರೆ ಕೊಡ್ತಿದೀರಾ?"

"ಇಲ್ಲ. ಮಾತಾಡ್ತೀವಿ. ಮಾತು ಬರದೇ ಇದ್ರೆ ಸುಮ್ನೆ ಕೂರ್ತೀವಿ. ಇಲ್ಲಿ ಆಡಿದ್ದನ್ನ ಊರೆಲ್ಲ ಹೇಳಲ್ಲ. ಊಟ, ನಿದ್ದೆ ಕೆಟ್ಟು ಬದುಕೇ ಬೇಡ ಅಂದೋರಿದ್ರೆ ಮಾತ್ರ ಮನೆಯವರಿಗೆ ಹೇಳಿ ತಕ್ಷಣ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ."

ದರ್ಜಿಗೆ ನಂಬಿಕೆ ಬರಲಿಲ್ಲ. ಮಗಳತ್ತ ತಿರುಗಿದ. "ಚೀಟಿ ಯಾಕೆ ಮುಚ್ಚಿಟ್ಟೆ?"

"ಅಣ್ಣನ ಹೆಸರು ಎತ್ತಿದ್ರೆ ನೀನು ಎದ್ದು ಅಂಗಡಿಗೆ ಹೋಗ್ತೀಯಲ್ಲಪ್ಪ! ಬಂದೋರೆಲ್ಲ ನಿನ್ನನ್ನ ಸಮಾಧಾನ ಮಾಡಿದ್ರು. ನನಗೆ ಮಾತ್ರ, 'ನೀನು ಅಳಬೇಡ, ಅಪ್ಪನ್ನ ನೋಡ್ಕೋ' ಅಂದ್ರು. ಅದಕ್ಕೇ ಅಳಲಿಲ್ಲ."

ಅವಳು ಅಂಗಿಯ ಮಡಚಿದ ತೋಳನ್ನು ಹಿಡಿದುಕೊಂಡಳು. "ಅವತ್ತು ಬೆಳಗ್ಗೆ ಅವನ ಜೊತೆ ಜಗಳ ಆಡಿದ್ದೆ. 'ನೀನು ಎಲ್ಲಾದ್ರೂ ತೊಲಗು' ಅಂದಿದ್ದೆ. ಹೋಗೇಬಿಟ್ಟ."

ಏಳು ತಿಂಗಳು ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಹುಡುಗಿ ಎದುರಿಗೇ ಓಡಾಡಿದ್ದಳು. ದರ್ಜಿ ಚಾಪೆಯ ಮೇಲೆ ಮಗಳ ಪಕ್ಕ ಕುಳಿತ.

"ತುಂಡಾಗಿದ್ದು ಹಗ್ಗ, ಕಂದಾ. ನಿನ್ನ ಮಾತಿಂದ ಹಗ್ಗ ತುಂಡಾಗಲ್ಲ."

ಆಗ ಅವಳು ಅತ್ತಳು. ಅವನೂ ಅತ್ತ.

ಮನೆಯಲ್ಲಿ ಅಕ್ಕ ಸುಲಭಕ್ಕೆ ಒಪ್ಪಲಿಲ್ಲ. "ಅಲ್ಲಿ ಕೂತು ಮಾತಾಡಿದ್ರೆ ಹೋದವನು ಬರ್ತಾನೇನೋ?"

"ಬರಲ್ಲ ಅಕ್ಕಾ. ಇರೋಳು ಕೈತಪ್ಪಿ ಹೋಗಬಾರದು ಅಂತ."

ಊಟದ ಹೊತ್ತಿಗೆ ಮಗಳು ಹೆದರುತ್ತಲೇ ಬಾಯಿಬಿಟ್ಟಳು: "ಅತ್ತೇ, ಅಣ್ಣ ನಿನ್ನ ಕುರ್ಚಿಗೆ ಹಸಿರು ಬಣ್ಣ ಬಳಿದು ಹೇಳದೇ ಬಿಟ್ಟಿದ್ನಲ್ಲ..."

ಈ ಸಲ ದರ್ಜಿ ಎದ್ದು ಹೋಗಲಿಲ್ಲ. ಅಕ್ಕ ಮಗಳ ಮುಖವನ್ನೇ ದಿಟ್ಟಿಸಿದಳು. "ನಾನು ಆ ಹಸಿರು ಪಟ್ಟೆ ಸೀರೆ ಮೇಲೆ ಹೊತ್ಕೊಂಡು ಬೀದಿ ಪೂರ್ತಿ ತಿರುಗಿದ್ದೆ, ಕಳ್ಳ!" ಎಂದು ನಕ್ಕವಳು ಕಣ್ಣೊರೆಸಿಕೊಂಡಳು. "ಬುಧವಾರ ಹೋಗು. ಆದರೆ ಹೇಳಿ ಹೋಗು."

ನಿಮ್ಮ ಮನೆಯಲ್ಲೂ, ಪಕ್ಕದ ಮನೆಯಲ್ಲೂ ಒಡಹುಟ್ಟಿದವರನ್ನು ಕಳೆದುಕೊಂಡ ಮಕ್ಕಳಿರಬಹುದು. ಅವರು ಅಳದಿದ್ದರೆ ಕಲ್ಲುಮನಸ್ಸು ಎನ್ನಬೇಡಿ. ಸಿಡುಕಿದರೆ, ಶಾಲೆ ತಪ್ಪಿಸಿದರೆ ಬೈಯುವ ಮೊದಲು ಪಕ್ಕದಲ್ಲಿ ಕುಳಿತು ಕೇಳಿ. ತೀರಿಕೊಂಡವರ ಹೆಸರನ್ನು ಮನೆಯಲ್ಲಿ ಧೈರ್ಯವಾಗಿ ಹೇಳಿ. ನಿಮ್ಮೊಬ್ಬರಿಂದ ಆಗದಿದ್ದರೆ ಹತ್ತಿರದ ಆರೋಗ್ಯ ಕಾರ್ಯಕರ್ತೆಯನ್ನೋ ಶಿಕ್ಷಕರನ್ನೋ ಕಾಣಿ. ಮಗು ಸಾಯುವ ಮಾತಾಡಿದರೆ ಒಂದು ದಿನವೂ ಕಾಯಬೇಡಿ. ಇವತ್ತೇ ಆ ಮಗುವನ್ನು ಕೇಳಿ: "ನಿನಗೆ ಹೇಗಿದೆ?"