ಹಿಮದಲ್ಲಿ ಹೂತಿಟ್ಟ ರೆಕ್ಕೆಗಳು

ನೀಲಿ — ಅದೋ ಮತ್ತೆ, ಕಿಟಕಿಯಾಚೆ ಪೊದೆಯಡಿ ಕಾವು ಕೂತ ಕಾಡುಬಾತು ಮೈ ಕೊಡವಿದಾಗ ಕಂದು ರೆಕ್ಕೆಯೊಳಗೆ ಒಂದು ನೀಲಿ ಪಟ್ಟಿ ಮಿಂಚಿ ಮುಚ್ಚಿಕೊಳ್ಳುತ್ತದೆ, ಇದೆಲ್ಲ ಶುರುವಾಗಿದ್ದು ರಂಜಾನಿನ ಚಳಿಯಲ್ಲಿ, ಇಫ್ತಾರಿಗೆ ಇನ್ನೂ ಸ್ವಲ್ಪ ಹೊತ್ತಿದ್ದಾಗ, ಅಮೆರಿಕದ ಕ್ಯಾಂಟನ್ನಿನ ಈ ಮನೆಯ ಗರಾಜಿನಲ್ಲಿ ಮಗಳು ಫಲಕ್ ಫ್ರೀಜರ್ ತೆಗೆದು ಕಿರುಚಿದಳು, ಅಮ್ಮೀ, ನನ್ನ ರೆಕ್ಕೆಗಳೆಲ್ಲಿ, ಗುಲ್‌ಶನ್ ಹಿಟ್ಟಿನ ಕೈಯಲ್ಲೇ ಬಂದು, ಮಸೀದಿಗೆ ಸಮೋಸಾ ಕಳಿಸ್ಬೇಕು, ಇಡೋಕೆ ಜಾಗ ಬೇಡ್ವಾ, ಹಿಂದ್ಗಡೆ ಹಿಮದಲ್ಲಿ ಹೂತಿಟ್ಟಿದೀನಿ, ನಿನ್ನ ಫ್ರೀಜರ್‌ಗಿಂತ ತಣ್ಣಗಿದೆ ಹೋಗು — ನಾನೂ ಮಗಳೂ ಸಲಿಕೆ ಹಿಡಿದು ಅಗೆಯುತ್ತಿದ್ದೇವೆ, ಫೋನಿನಲ್ಲಿ ಆಜಾನ್ ಕೂಗಿತು, ಖರ್ಜೂರ ಬಾಯಿಗಿಟ್ಟುಕೊಂಡೇ ಅಗೆದೆವು, ನಾಳೆ ಹಿಮ ಕರಗುತ್ತಂತೆ ಅಬ್ಬಾ, ಬೇಗ, ವನ್ಯಜೀವಿ ಇಲಾಖೆಯ ತನ್ನ ಆಫೀಸಿನ ಫ್ರೀಜರ್ ತುಂಬಿತೆಂದು ಮನೆಗೆ ತಂದಿದ್ದಳು ಪಾಪ, ಬೇಟೆಗಾರರು ಹೊಡೆದ ಬಾತಿನ ಒಂದೊಂದು ರೆಕ್ಕೆ ಕತ್ತರಿಸಿ ಅಂಚೆಯಲ್ಲಿ ಕಳಿಸುತ್ತಾರೆ, ಗಂಡೋ ಹೆಣ್ಣೋ, ಹಳೆಯ ಹಕ್ಕಿಯೋ ಈ ವರ್ಷದ ಮರಿಯೋ, ಎಲ್ಲ ಗರಿ ನೋಡಿಯೇ ಹೇಳುತ್ತಾಳೆ, ತಾಯಿ ಎಷ್ಟು ಸಾಯ್ತಿವೆ, ಮರಿ ಎಷ್ಟು ಆಗ್ತಿವೆ, ಇದ್ರಲ್ಲೇ ಗೊತ್ತಾಗುತ್ತೆ ಅಬ್ಬಾ — ಚನ್ನಪಟ್ಟಣದ ನಮ್ಮ ಕೆರೆಗೂ ಬಾತು ಬರುತ್ತಿದ್ದವು, ಮುಂದಿನ ಚಳಿಗೂ ಬರ್ತವೆ ಬಿಡೋ ಯಾಕೂಬ್ ಅನ್ನುತ್ತ ಅಪ್ಪ ಬಲೆ ಬೀಸುತ್ತಿದ್ದರು, ಒಂದು ಚಳಿಗೆ ಬರಲೇ ಇಲ್ಲ, ಯಾಕೆಂದು ಹೇಳಬಲ್ಲವರಿರಲಿಲ್ಲ, ಯಾರೂ ಎಣಿಸಿರಲಿಲ್ಲ.

ನಿನ್ನೆ ಸಂಜೆ ಪ್ಲಿಮತ್‌ನಲ್ಲಿ ಬೇಟೆಯ ನಿಯಮ ಮಾಡುವವರ ಸಭೆಯಲ್ಲಿ ಮಾತ್ರ ಎಣಿಸಿದವಳು ನನ್ನ ಮಗಳು, ಒಬ್ಬರು ದಿನಕ್ಕೆ ಎರಡು ಹೆಣ್ಣು ಬಾತು ಹೊಡೆಯಬಹುದು ಅನ್ನುವ ನಿಯಮ ಒಂದಕ್ಕೆ ಇಳಿಯಬೇಕು ಎಂದಳು, ಕೆಂಪು ಟೋಪಿಯ ಬೇಟೆಗಾರನೊಬ್ಬ ಎದ್ದ, ನನಗೆ ಇಂಗ್ಲಿಷ್ ಅರ್ಧವೇ ಬರುತ್ತದೆ, ಉಳಿದರ್ಧ ಅವನ ಮುಖದಲ್ಲೇ ಇತ್ತು, ನಮ್ಮಪ್ಪನ ಕಾಲದಿಂದ ಈ ನೀರಲ್ಲೇ ಬೇಟೆ ಆಡಿದೀನಿ, ಬಾತು ಬೇಕಾದಷ್ಟಿವೆ, ಯಾರದೋ ರೆಕ್ಕೆ ಎಣಿಸಿ ನಂಗೆ ಹೇಳ್ತೀಯಾ, ಫಲಕ್ ಒಂದು ರೆಕ್ಕೆ ಬಿಡಿಸಿ ಹಿಡಿದಳು, ನೀಲಿ, ಯಾರದೋ ಅಲ್ಲ ಸರ್, ನಿಮ್ಮೆಲ್ಲರದ್ದೇ, ನೀವೇ ಹೊಡೆದು ನೀವೇ ಕಳಿಸಿದ್ದು, ರಾಶಿ ತುಂಬ ತಾಯಂದಿರ ರೆಕ್ಕೆ, ಮರಿಗಳದ್ದು ವರ್ಷ ವರ್ಷ ಕಮ್ಮಿ ಆಗ್ತಿದೆ — ಅವನು ಟೋಪಿ ತೆಗೆದ, ತಲೆ ಕೆರೆದ, ನಾನೂ ಕಳಿಸಿದ್ದೆ, ನನ್ನ ಮೇಲೆ ನಾನೇ ಸಾಕ್ಷಿ ಹೇಳ್ದಂಗಾಯ್ತಲ್ಲ ಅಂತ ನಕ್ಕುಬಿಟ್ಟ, ಸಭೆಯೇ ನಕ್ಕಿತು, ಸರಿ ಮಗಳೇ ಒಂದೇ ಇರಲಿ ಅಂದು ಕೂತ, ವೇದಿಕೆಯವರ ಕೈ ಮೇಲೆದ್ದವು, ಒಂದು, ಇನ್ನೊಂದು, ಎಲ್ಲವೂ, ಒಂದೂ ಕೆಳಗುಳಿಯಲಿಲ್ಲ, ಗುಲ್‌ಶನ್ ನನ್ನ ಪಕ್ಕೆಗೆ ತಿವಿದಳು, ನನ್ನ ಹಿಮ ಕಾಪಾಡ್ತು ನೋಡಿ, ಬೈದ್ರಲ್ಲ — ಅರೆ, ಪೊದೆ ಅಲುಗಿತು, ತಾಯಿ ಬಾತು ಎದ್ದಳು, ಹಿಂದೆ ಹಳದಿ ಉಂಡೆಗಳು, ಒಂದರ ಹಿಂದೆ ಒಂದು ಡ್ರೈವ್‌ವೇ ದಾಟುತ್ತಿವೆ, ಆಫೀಸಿಗೆ ಹೊರಟ ಕಾರೊಂದು ನಿಂತಿತು, ಹಾರ್ನ್ ಹೊಡೆಯಲಿಲ್ಲ, ಜುಮ್ಮಾ ನಮಾಜಿಗೆ ನನಗಿನ್ನೂ ಹೊತ್ತಿದೆ, ನಿಂತಿದ್ದೇನೆ, ರಸ್ತೆಯಾಚೆಯ ಕೊಳದ ಅಂಚಿಗೆ ಬಂದು ಒಮ್ಮೆ ರೆಕ್ಕೆ ಬಿಚ್ಚಿದಳು, ನೀಲಿ, ನೀರಿಗಿಳಿದಳು, ಹೊರಟಳು, ಮರಿಗಳ ಸಮೇತ, ಈ ಶುಕ್ರವಾರ — ನೀಲಿ.